ಒಲೆ ಹಚ್ಚುವ ಮೊದಲೇ ಮಿಕ್ಕ ಊಟದ ಲೆಕ್ಕ

ಮದುವೆ ಮನೆಯಲ್ಲಿ ಮಧ್ಯಾಹ್ನ ಮೂರು ಗಂಟೆ ಎಂದರೆ ಎಲ್ಲರೂ ದಣಿದ ಹೊತ್ತು. ಕೊನೆಯ ಪಂಕ್ತಿ ಎದ್ದಿರುತ್ತದೆ. ಬಡಿಸಿದ ಹುಡುಗರು ತಾವೂ ಉಂಡು ಗೋಡೆಗೆ ಒರಗಿರುತ್ತಾರೆ. ಮನೆಯವರು ಬೀಗರನ್ನು ಕಳಿಸಿಕೊಡುವ ಗಡಿಬಿಡಿಯಲ್ಲಿರುತ್ತಾರೆ. ಆಗ ಅಡುಗೆಯವರು ಬಂದು ಕೇಳುತ್ತಾರೆ: “ಯಜಮಾನ್ರೇ, ಒಂದು ಕೊಪ್ಪರಿಗೆ ಅನ್ನ ಹಾಗೇ ಇದೆ, ಹುಳಿ ಅರ್ಧ ಪಾತ್ರೆ ಉಳಿದಿದೆ. ಏನು ಮಾಡೋಣ ಹೇಳಿ.” ಅಲ್ಲಿಂದ ಫೋನುಗಳು ಶುರುವಾಗುತ್ತವೆ. ಒಂದು ಆಶ್ರಮದಲ್ಲಿ ಆಗಲೇ ಊಟ ಮುಗಿದಿದೆ. ಇನ್ನೊಂದರ ನಂಬರು ಬದಲಾಗಿದೆ. ಮೂರನೆಯವರು ಒಪ್ಪಿದರೂ ಅವರಲ್ಲಿ ಗಾಡಿಯಿಲ್ಲ. ಅಷ್ಟರಲ್ಲಿ ಆರತಕ್ಷತೆಗೆ ಅಡುಗೆಮನೆ ತೊಳೆದು ಬಿಟ್ಟುಕೊಡುವ ಹೊತ್ತು ಬರುತ್ತದೆ, ಅನ್ನ ಕಸದ ಗಾಡಿ ಏರುತ್ತದೆ.

ಇಲ್ಲಿ ಯಾರ ಮನಸ್ಸೂ ಸಣ್ಣದಲ್ಲ. ಕೊಡುವ ಆಸೆ ಇತ್ತು, ಉಣ್ಣುವವರೂ ಅದೇ ಊರಿನಲ್ಲಿದ್ದರು. ಕೊರತೆಯಾದದ್ದು ಸಮಯ ಒಂದೇ. ಮಿಕ್ಕ ಊಟ ಹಸಿದವರಿಗೆ ತಲುಪುತ್ತದೋ ಇಲ್ಲವೋ ಎಂಬುದು ಮಧ್ಯಾಹ್ನ ಮೂರು ಗಂಟೆಗೆ ತೀರ್ಮಾನವಾಗುವುದಿಲ್ಲ. ಸಾಮಾನಿನ ಪಟ್ಟಿ ಬರೆಯುವ ದಿನವೇ ಅದು ತೀರ್ಮಾನವಾಗಿರುತ್ತದೆ. ಕಡಿಮೆ ಉಳಿಸುವುದು ಹೇಗೆ, ಉಳಿದದ್ದನ್ನು ಸುರಕ್ಷಿತವಾಗಿ ದಾಟಿಸುವುದು ಹೇಗೆ, ಯಾರಿಗೆ ಕೊಡಬೇಕು, ಕೊಡಲಾಗದ್ದನ್ನು ಏನು ಮಾಡಬೇಕು ಎಂಬುದಕ್ಕೆಲ್ಲ ಗೊತ್ತಾದ ದಾರಿಗಳಿವೆ.

ಎಷ್ಟು ಹಾಳಾಗುತ್ತಿದೆ?

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಜ್ಞರು 2012ರ ಸುಮಾರಿಗೆ ನಗರದ 75 ಕಲ್ಯಾಣ ಮಂಟಪಗಳಲ್ಲಿ ಸಮೀಕ್ಷೆ ನಡೆಸಿದ್ದರು. ಬೆಂಗಳೂರಿನ ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ವ್ಯರ್ಥವಾಗುತ್ತಿದೆ ಎಂದು ಅವರು ಅಂದಾಜು ಮಾಡಿದರು. ಒಬ್ಬರ ಊಟಕ್ಕೆ ಅರ್ಧ ಕಿಲೋ ಎಂದು ಹಿಡಿದರೂ ಅದು 18 ಲಕ್ಷಕ್ಕೂ ಹೆಚ್ಚು ಊಟ. ಇದು ಒಂದೇ ಊರಿನ, ಒಂದೇ ಬಗೆಯ ಸಮಾರಂಭದ ಲೆಕ್ಕ. ಗೃಹಪ್ರವೇಶ, ನಾಮಕರಣ, ತಿಥಿ, ಕಂಪನಿಗಳ ಔತಣ, ಹಾಸ್ಟೆಲು, ಹೋಟೆಲುಗಳು ಇದರಲ್ಲಿ ಸೇರಿಲ್ಲ.

ಜಗತ್ತಿನ ಚಿತ್ರ ಇನ್ನೂ ದೊಡ್ಡದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಗ್ರಾಹಕರ ಕೈಗೆ ಬಂದ ಆಹಾರದಲ್ಲಿ ಇದು ಶೇ 19ರಷ್ಟು. ಅದೇ ವರ್ಷ ಸುಮಾರು 78 ಕೋಟಿ ಜನ ಹಸಿವಿನಲ್ಲಿದ್ದರು. ವ್ಯರ್ಥವಾದದ್ದರಲ್ಲಿ ಶೇ 60ರಷ್ಟು ಹೋದದ್ದು ಮನೆಗಳಿಂದ, ಶೇ 28ರಷ್ಟು ಹೋಟೆಲು, ಕ್ಯಾಂಟೀನು, ಕೇಟರಿಂಗ್‌ನವರಿಂದ, ಉಳಿದದ್ದು ಅಂಗಡಿಗಳಿಂದ. ಭಾರತದ ಮನೆಗಳಲ್ಲಿ ತಲಾ 55 ಕಿಲೋ ಆಹಾರ ವರ್ಷಕ್ಕೆ ಹಾಳಾಗುತ್ತದೆ ಎಂದು ಅದೇ ವರದಿ ಅಂದಾಜಿಸಿದೆ.

ಇನ್ನೊಂದು ಕಡೆ, 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿದರೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಮದುವೆಯ ಹುಳಿಯನ್ನವೊಂದೇ ಈ ಅಪೌಷ್ಟಿಕತೆಯನ್ನು ನೀಗಿಸುತ್ತದೆ ಎಂದು ಯಾರೂ ಹೇಳಲಾರರು. ಆದರೆ ಎರಡೂ ಒಂದೇ ರಾಜ್ಯದಲ್ಲಿ, ಎಷ್ಟೋ ಕಡೆ ಒಂದೇ ಬೀದಿಯಲ್ಲಿ ನಡೆಯುತ್ತಿವೆ ಎಂಬುದನ್ನು ಮರೆಯಲಾಗದು.

ಎಲೆಯಲ್ಲಿ ಬಿಟ್ಟದ್ದು, ಪಾತ್ರೆಯಲ್ಲಿ ಉಳಿದದ್ದು

ಉಳಿಯುವ ಊಟದಲ್ಲಿ ಎರಡು ಬಗೆ. ಎಲೆಯಲ್ಲಿ ಬಿಟ್ಟದ್ದು ಎಂಜಲು, ಅದನ್ನು ಯಾರಿಗೂ ಕೊಡುವ ಹಾಗಿಲ್ಲ. ಪಾತ್ರೆಯಲ್ಲಿ ಉಳಿದದ್ದನ್ನು ಕೊಡಬಹುದು. ಮೊದಲನೆಯದು ಕಡಿಮೆಯಾಗಬೇಕಾದರೆ ಬಡಿಸುವ ರೀತಿ ಬದಲಾಗಬೇಕು, ಎರಡನೆಯದಕ್ಕೆ ಅಡುಗೆಯ ಲೆಕ್ಕ ಬದಲಾಗಬೇಕು.

ಪಂಕ್ತಿಯೂಟದಲ್ಲಿ ಜನ ಕೂರುವ ಮೊದಲೇ ಎಲೆಯ ತುದಿಯಿಂದ ಬಡಿಸಿಕೊಂಡು ಬರುವುದು ರೂಢಿ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಪಲ್ಯ, ಗೊಜ್ಜು, ಬೋಂಡಾ, ಸಿಹಿ ಎಲ್ಲ ಎಲೆಗೆ ಬಂದಿರುತ್ತವೆ. ಕೂರುವವರು ಮಕ್ಕಳೋ ಮಧುಮೇಹಿಗಳೋ ಬಡಿಸುವವರಿಗೆ ಗೊತ್ತಿರುವುದಿಲ್ಲ. ಕೋಸಂಬರಿ, ಉಪ್ಪಿನಕಾಯಿಯಂಥವನ್ನು ಮಾತ್ರ ಮೊದಲೇ ಬಡಿಸಿ, ಪಲ್ಯ, ಸಿಹಿ, ಕರಿದ ತಿಂಡಿಗಳನ್ನು ಜನ ಕೂತ ಮೇಲೆ ಕೇಳಿ ಬಡಿಸಿದರೆ ಎಲೆಯಲ್ಲಿ ಉಳಿಯುವುದು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಹೋಳಿಗೆಯನ್ನು ಅರ್ಧ ಮಾಡಿ ಬಡಿಸಿ, ಬೇಕೆಂದವರಿಗೆ ಇನ್ನರ್ಧ ಕೊಟ್ಟರೆ ಯಾರ ಗೌರವಕ್ಕೂ ಕುಂದಿಲ್ಲ. ಪಲ್ಯಕ್ಕೆ ಚಿಕ್ಕ ಸೌಟು, ಮಕ್ಕಳಿಗೆ ಬೇರೆ ಸಾಲು ಮತ್ತು ಚಿಕ್ಕ ಎಲೆ, ಅನ್ನ ಎರಡು ಸುತ್ತಿನಲ್ಲಿ. ಇಷ್ಟನ್ನು ಬಡಿಸುವವರಿಗೆ ಬೆಳಿಗ್ಗೆಯೇ ಹೇಳಿಟ್ಟಿರಬೇಕು. ಪಂಕ್ತಿಯ ನಡುವೆ ಹೇಳಿದರೆ ನಡೆಯುವ ಮಾತಲ್ಲ.

ಬಫೆಯಲ್ಲಿ ಸಮಸ್ಯೆ ಬೇರೆ. ಕ್ಯೂ ದೊಡ್ಡದಿದ್ದರೆ ಮತ್ತೆ ಬಂದು ನಿಲ್ಲುವುದಕ್ಕೆ ಬೇಸರಪಟ್ಟು ಜನ ಒಂದೇ ಸಲಕ್ಕೆ ತಟ್ಟೆ ತುಂಬಿಸಿಕೊಳ್ಳುತ್ತಾರೆ. ಕೌಂಟರುಗಳನ್ನು ಎರಡು ಮೂರು ಕಡೆ ಹಂಚಿ ಇಟ್ಟರೆ, ತಟ್ಟೆಯ ಅಳತೆ ಸ್ವಲ್ಪ ಕಿರಿದಾದರೆ, ಎಂಜಲಿನ ಡಬ್ಬಿ ಬೇಗ ತುಂಬುವುದಿಲ್ಲ. ಮೆನುವಿನಲ್ಲಿ ನಾಲ್ಕು ಬಗೆಯ ಅನ್ನವಿದ್ದರೆ ನಾಲ್ಕೂ ಸ್ವಲ್ಪ ಸ್ವಲ್ಪ ಉಳಿಯುವುದು ಖಂಡಿತ. ಬಗೆಗಳನ್ನು ಕಡಿಮೆ ಮಾಡಿದರೆ ಖರ್ಚೂ ತಗ್ಗುತ್ತದೆ, ಉಳಿಯುವುದೂ ಇಳಿಯುತ್ತದೆ.

“ಎಷ್ಟು ಎಲೆ?”

ಅಡುಗೆಯವರು ಮದುವೆ ಮನೆಯವರನ್ನು ಮೊದಲು ಕೇಳುವ ಪ್ರಶ್ನೆ ಇದು. ಇದಕ್ಕೆ ಬರುವ ಉತ್ತರದಲ್ಲಿ ಲೆಕ್ಕಕ್ಕಿಂತ ಭಯವೇ ಹೆಚ್ಚು. ಊಟ ಸಾಲದೆ ಹೋದರೆ ಊರು ಆಡಿಕೊಳ್ಳುತ್ತದೆ. ಹಾಗಾಗಿ ಐನೂರು ಜನ ಬರುವಲ್ಲಿ ಮನೆಯವರು ಆರುನೂರು ಎಂದು ಹೇಳುತ್ತಾರೆ. ಅಡುಗೆಯವರು ತಮ್ಮ ಧೈರ್ಯಕ್ಕೆ ಅದರ ಮೇಲೆ ಇನ್ನೊಂದಿಷ್ಟು ಸೇರಿಸುತ್ತಾರೆ. ಎರಡೂ ಕಡೆಯ ಭಯ ಒಟ್ಟಾಗಿ ಒಂದು ಕೊಪ್ಪರಿಗೆ ಅನ್ನವಾಗುತ್ತದೆ.

ಇದನ್ನು ತಡೆಯಲು ಮಾಡಬೇಕಾದದ್ದು ಒಂದೇ: ಕರೆದವರ ಸಂಖ್ಯೆಯನ್ನು ಬಿಟ್ಟು, ಯಾವ ಹೊತ್ತಿಗೆ ಎಷ್ಟು ಜನ ಬರುತ್ತಾರೆ ಎಂದು ಎಣಿಸುವುದು. ಮುಹೂರ್ತ ಬೆಳಗಿನ ಜಾವಕ್ಕಿದ್ದರೆ ತಿಂಡಿಗೆ ಬರುವವರು ಬೇರೆ, ಮಧ್ಯಾಹ್ನದ ಊಟಕ್ಕೆ ಉಳಿಯುವವರು ಬೇರೆ. ಹಿಂದಿನ ಸಂಜೆ ಆರತಕ್ಷತೆ ಇದ್ದರೆ ಊರಿನ ಪರಿಚಯಸ್ಥರಲ್ಲಿ ಹೆಚ್ಚಿನವರು ಅಲ್ಲಿಗೇ ಬಂದು ಹೋಗುತ್ತಾರೆ, ಮಾರನೆಯ ದಿನ ನೆಂಟರಷ್ಟೇ ಇರುತ್ತಾರೆ. ವಾರದ ನಡುವಿನ ಮದುವೆಗೂ ಭಾನುವಾರದ ಮದುವೆಗೂ ವ್ಯತ್ಯಾಸವಿದೆ. ಒಂದೇ ದಿನ ಊರಿನಲ್ಲಿ ಹತ್ತು ಮದುವೆ ಇರುವ ಒಳ್ಳೆಯ ಮುಹೂರ್ತವಾದರೆ ಕರೆದವರು ಹಂಚಿಹೋಗುತ್ತಾರೆ. ಹತ್ತಿರದ ನೆಂಟರ ವಾಟ್ಸ್ಆ್ಯಪ್ ಗುಂಪಿನಲ್ಲಿ “ನಿಮ್ಮ ಮನೆಯಿಂದ ಊಟಕ್ಕೆ ಎಷ್ಟು ಜನ?” ಎಂದು ಕೇಳುವುದಕ್ಕೆ ಈಗ ಯಾರೂ ಸಂಕೋಚಪಡಬೇಕಿಲ್ಲ.

ಇನ್ನೊಂದು ಉಪಾಯ ಅನುಭವಸ್ಥ ಅಡುಗೆಯವರಿಗೆ ಚೆನ್ನಾಗಿ ಗೊತ್ತು: ಎಲ್ಲವನ್ನೂ ಒಮ್ಮೆಗೇ ಬೇಯಿಸದಿರುವುದು. ತರಕಾರಿ ಹೆಚ್ಚಿಟ್ಟು, ಅಕ್ಕಿ ತೊಳೆಯದೆ ಅಳೆದಿಟ್ಟು, ಎಸರು ಮಾತ್ರ ಕಾಯುತ್ತಿರುತ್ತದೆ. ಎರಡನೇ ಪಂಕ್ತಿ ಕೂತಾಗ ಸಭಾಂಗಣದ ಕಡೆ ಒಂದು ಸುತ್ತು ಹೋಗಿ ತಲೆ ಎಣಿಸಿ ಬಂದು, ಕೊನೆಯ ಅನ್ನಕ್ಕೆ ಅಕ್ಕಿ ಹಾಕಬೇಕೋ ಬೇಡವೋ ನಿರ್ಧರಿಸುತ್ತಾರೆ. ಹಾಕದ ಅಕ್ಕಿ ಮೂಟೆಯಲ್ಲೇ ಉಳಿಯುತ್ತದೆ, ನಾಳೆಗೂ ಅಕ್ಕಿಯೇ. ಬೆಂದ ಅನ್ನಕ್ಕೆ ಮಾತ್ರ ಗಡುವು ಇರುವುದು. ಹಾಗಾಗಿ ಕರಾರು ಮಾತಾಡುವಾಗಲೇ “ಕೊನೆಯ ಕಾಲು ಭಾಗವನ್ನು ಜನ ನೋಡಿ ಬೇಯಿಸಿ, ಬೇಯಿಸದ ಸಾಮಾನು ನಮಗೆ ವಾಪಸು” ಎಂದು ಒಪ್ಪಿಸಿಕೊಳ್ಳುವುದು ಒಳ್ಳೆಯದು. ವಾಪಸಾದ ಅಕ್ಕಿ, ಬೇಳೆ, ಎಣ್ಣೆ, ಬೆಲ್ಲ, ತರಕಾರಿಯನ್ನು ಯಾವ ಆಶ್ರಮವಾದರೂ ಸಂತೋಷದಿಂದ ತೆಗೆದುಕೊಳ್ಳುತ್ತದೆ. ಬೇಯಿಸಿದ ಊಟಕ್ಕಿಂತ ಅವರಿಗೆ ಅದೇ ಹೆಚ್ಚು ಉಪಯೋಗ.

ತಲೆ ಎಣಿಸಿ ಅಕ್ಕಿ ಅಳೆಯುವ ಪದ್ಧತಿ ರಾಜ್ಯಕ್ಕೆ ಹೊಸದೇನಲ್ಲ. ಸರ್ಕಾರಿ ಶಾಲೆಗಳ ಬಿಸಿಯೂಟ ನಡೆಯುವುದೇ ಹೀಗೆ. ಬೆಳಿಗ್ಗೆ ಹಾಜರಿ ತೆಗೆದುಕೊಂಡು, ಕಿರಿಯ ಪ್ರಾಥಮಿಕದ ಮಗುವಿಗೆ 100 ಗ್ರಾಂ, ಹಿರಿಯ ಪ್ರಾಥಮಿಕದ ಮಗುವಿಗೆ 150 ಗ್ರಾಂ ಧಾನ್ಯದ ಲೆಕ್ಕದಲ್ಲಿ ಆ ದಿನದ ಅಳತೆ ತೆಗೆಯುತ್ತಾರೆ. ಹಾಸ್ಟೆಲು, ಕಂಪನಿ ಕ್ಯಾಂಟೀನುಗಳಲ್ಲೂ ಹಿಂದಿನ ರಾತ್ರಿಯೇ “ನಾಳೆ ಊಟಕ್ಕೆ ಇದ್ದೀರಾ?” ಎಂದು ಹೆಸರು ಬರೆಸಿಕೊಂಡರೆ, ಹಬ್ಬ ಮತ್ತು ಪರೀಕ್ಷೆಯ ದಿನಗಳಲ್ಲಿ ಅಡುಗೆ ಸುಮ್ಮನೆ ಉಳಿಯುವುದು ತಪ್ಪುತ್ತದೆ. ದಿನದ ಕೊನೆಯಲ್ಲಿ ಎಂಜಲು ಮತ್ತು ಉಳಿಕೆಯನ್ನು ಬೇರೆ ಬೇರೆ ತೂಗಿ ಗೋಡೆಯ ಮೇಲೆ ಬರೆದು ಹಾಕಿದರೆ ಅಡುಗೆಯವರಿಗೂ ಉಣ್ಣುವವರಿಗೂ ಅದೇ ಪಾಠ.

ಉಳಿದ ಊಟದ ಗಡುವು

ಬೇಯಿಸಿದ ಊಟ 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕು, ಇಲ್ಲವೇ 60 ಡಿಗ್ರಿಗಿಂತ ಬಿಸಿಯಾಗಿರಬೇಕು. ಇವೆರಡರ ನಡುವಿನ ಉಗುರುಬೆಚ್ಚಗಿನ ಸ್ಥಿತಿಯಲ್ಲಿ ರೋಗಾಣುಗಳು ವೇಗವಾಗಿ ಹೆಚ್ಚುತ್ತವೆ. ಬೇಯಿಸಿದ ಆಹಾರವನ್ನು ಹೊರಗಿನ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸರಳ ನಿಯಮ. ಏಪ್ರಿಲ್, ಮೇ ತಿಂಗಳ ಮದುವೆಗಳಲ್ಲಿ ರಾಯಚೂರು, ಕಲಬುರಗಿಯ ಬಿಸಿಲಿಗೆ ಈ ಎರಡು ಗಂಟೆಯೂ ಹೆಚ್ಚೇ.

ಅನ್ನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ಎಸರಿನಲ್ಲೂ ಸಾಯುವುದಿಲ್ಲ. ಬೆಂದ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತರೆ ಅವು ಮೊಳೆತು ವಿಷ ಬಿಡುತ್ತವೆ. ಅದರಲ್ಲಿ ವಾಂತಿ ಬರಿಸುವ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಆದ್ದರಿಂದ “ಬಿಸಿ ಮಾಡಿ ಕೊಟ್ಟರಾಯಿತು” ಎಂಬ ಸಮಾಧಾನ ಅನ್ನಕ್ಕೆ ಹೊಂದುವುದಿಲ್ಲ. ದೊಡ್ಡ ಕೊಪ್ಪರಿಗೆಯ ಅನ್ನ ಅಂಚಿನಲ್ಲಿ ಆರಿದರೂ ನಡುವೆ ಬಹಳ ಹೊತ್ತು ಬೆಚ್ಚಗೇ ಇರುತ್ತದೆ, ಅಪಾಯ ಇರುವುದೇ ಅಲ್ಲಿ. ತಕ್ಷಣ ಕೊಡುವುದಾದರೆ ಹಬೆಯಾಡುತ್ತಿರುವಾಗಲೇ ಮುಚ್ಚಳವಿರುವ ಹಾಟ್‌ಬಾಕ್ಸ್‌ಗೆ ತುಂಬಿಬಿಡಬೇಕು. ಇಟ್ಟು ಕೊಡುವುದಾದರೆ ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಬೇಗ ಆರಿಸಿ, ಫ್ರಿಜ್‌ಗೆ ಸೇರಿಸಬೇಕು.

ಯಾವುದು ಮೊದಲು ಹಳಸುತ್ತದೆ ಎಂಬುದು ಮನೆಯ ಹೆಂಗಸರಿಗೂ ಅಡುಗೆ ಭಟ್ಟರಿಗೂ ಗೊತ್ತಿರುವ ವಿಷಯವೇ. ಹಸಿ ಕಾಯಿತುರಿ ಬಿದ್ದ ಕೋಸಂಬರಿ, ಕಾಯಿ ರುಬ್ಬಿದ ಮಜ್ಜಿಗೆಹುಳಿ, ಚಟ್ನಿ, ಹಾಲಿನ ಪಾಯಸ, ಮೊಸರನ್ನ ಎಲ್ಲಕ್ಕಿಂತ ಮುಂಚೆ ಕೆಡುತ್ತವೆ. ಮಿಕ್ಕರೆ ಇವನ್ನು ಕೊಡುವ ಆಸೆ ಬಿಡುವುದೇ ಸರಿ. ಸಾರು, ಹುಳಿಯನ್ನು ಚೆನ್ನಾಗಿ ಮರಳಿಸಿ ತುಂಬಬಹುದು. ಹುಣಿಸೆಹಣ್ಣಿನ ಪುಳಿಯೋಗರೆ ಬರೀ ಅನ್ನಕ್ಕಿಂತ ಹೆಚ್ಚು ಹೊತ್ತು ತಾಳುತ್ತದೆ. ಲಾಡು, ಮೈಸೂರುಪಾಕು, ಚಕ್ಕುಲಿ, ಹಪ್ಪಳ, ಬಾಳೆಹಣ್ಣು, ಇಡೀ ತೆಂಗಿನಕಾಯಿಗಳಿಗೆ ಆತುರವಿಲ್ಲ, ಮಾರನೆಯ ದಿನ ನಿಧಾನವಾಗಿ ತಲುಪಿಸಬಹುದು. ಮಾಂಸ, ಮೀನು, ಮೊಟ್ಟೆಯ ಅಡುಗೆಗೆ ಮಾತ್ರ ಎಲ್ಲಕ್ಕಿಂತ ಕಟ್ಟುನಿಟ್ಟು ಬೇಕು.

ತುಂಬುವಾಗ ಒಂದು ತಪ್ಪು ಬಹಳ ಕಡೆ ನಡೆಯುತ್ತದೆ. ಪಂಕ್ತಿಯಲ್ಲಿ ಬಡಿಸಿ ವಾಪಸು ಬಂದ ಬಕೆಟ್ಟಿನ ಹುಳಿಯನ್ನು, ಒಲೆಯ ಪಕ್ಕ ಯಾರೂ ಮುಟ್ಟದೆ ಇಟ್ಟ ಪಾತ್ರೆಗೆ ಸುರಿದುಬಿಡುತ್ತಾರೆ. ಅಲ್ಲಿಗೆ ಇಡೀ ಪಾತ್ರೆ ಕೆಟ್ಟಂತೆ. ಕೊಡುವುದಕ್ಕೆ ತೆಗೆದಿಡುವುದು ಒಳಗಿನ ಪಾತ್ರೆಯದ್ದು ಮಾತ್ರ ಆಗಿರಬೇಕು, ಕುದಿನೀರಿನಲ್ಲಿ ತೊಳೆದ ಸೌಟಿನಿಂದ, ತೊಳೆದ ಕೈಯಿಂದ ತುಂಬಬೇಕು. ಕೊನೆಯ ಪರೀಕ್ಷೆ ಬಹಳ ಸರಳ: ಕೊಡುವವರು ಅದೇ ಪಾತ್ರೆಯಿಂದ ತಮ್ಮ ಮಗುವಿಗೆ ಬಡಿಸಿ ಉಣಿಸಲು ಸಿದ್ಧರಿದ್ದರೆ ಮಾತ್ರ ಕಳಿಸಲಿ.

ಕಾನೂನು ಏನು ಹೇಳುತ್ತದೆ?

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಹೆಚ್ಚುವರಿ ಆಹಾರದ ಸಂಗ್ರಹ ಮತ್ತು ವಿತರಣೆಗೆ 2019ರಲ್ಲಿ ಪ್ರತ್ಯೇಕ ನಿಯಮಾವಳಿ ರೂಪಿಸಿತು. ಅದು 2020ರ ಜುಲೈ 1ರಿಂದ ಜಾರಿಯಲ್ಲಿದೆ. ಹೋಟೆಲು, ಕೇಟರಿಂಗ್‌ನವರು, ಅಂಗಡಿಗಳು ಮತ್ತು ಅವರಿಂದ ಆಹಾರ ಪಡೆದು ಹಂಚುವ ಸಂಸ್ಥೆಗಳು ಈ ನಿಯಮದಡಿ ಬರುತ್ತವೆ. ಹಂಚುವ ಊಟವನ್ನು ಮಾರಾಟದ ಊಟದಿಂದ ಬೇರೆ ಇಡಬೇಕು. ಅದರ ಮೇಲೆ ಆಹಾರದ ಹೆಸರು, ಎಲ್ಲಿಂದ ಬಂತು, ಯಾವಾಗ ತಯಾರಾಯಿತು, ಯಾವ ಹೊತ್ತಿನೊಳಗೆ ಉಣ್ಣಬೇಕು, ಸಸ್ಯಾಹಾರವೋ ಮಾಂಸಾಹಾರವೋ ಎಂಬುದನ್ನೂ, ಇದು ಹಂಚಲು ಮೀಸಲಾದ ಹೆಚ್ಚುವರಿ ಆಹಾರ, ಮಾರಾಟಕ್ಕಲ್ಲ ಎಂಬುದನ್ನೂ ಬರೆಯಬೇಕು. ಎಷ್ಟು ಬಂತು, ಎಲ್ಲಿಗೆ ಹೋಯಿತು ಎಂಬ ದಾಖಲೆಯೂ ಇರಬೇಕು.

ಮನೆಯ ಸಮಾರಂಭ ಮಾಡುವವರೂ ಇದೇ ಕ್ರಮ ಅನುಸರಿಸಿದರೆ ಯಾವ ನಷ್ಟವೂ ಇಲ್ಲ. ಪ್ರತಿ ಪಾತ್ರೆಯ ಮುಚ್ಚಳಕ್ಕೆ ಒಂದು ತುಂಡು ಟೇಪು ಅಂಟಿಸಿ, “ಹುಳಿ, ಮಧ್ಯಾಹ್ನ 12ಕ್ಕೆ ತಯಾರು, ಸಂಜೆ 4ರೊಳಗೆ ಬಳಸಿ” ಎಂದು ಪೆನ್ನಿನಲ್ಲಿ ಬರೆದರೆ ಪಡೆಯುವವರ ಅರ್ಧ ಚಿಂತೆ ಕಳೆಯುತ್ತದೆ.

ಬೇರೆ ದೇಶಗಳಲ್ಲಿ ಕಾನೂನು ಇನ್ನೂ ಮುಂದೆ ಹೋಗಿದೆ. ಫ್ರಾನ್ಸ್ 2016ರಲ್ಲಿ ತಂದ ಕಾನೂನು 400 ಚದರ ಮೀಟರ್‌ಗಿಂತ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಮಾರಾಟವಾಗದ, ಆದರೆ ತಿನ್ನಲು ಯೋಗ್ಯವಾದ ಆಹಾರವನ್ನು ದಾನ ಮಾಡಲು ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಳ್ಳಲೇಬೇಕು ಎಂದಿತು.

ಕೊಂಡೊಯ್ಯುವವರು ಯಾರು?

ಮಿಕ್ಕದ್ದನ್ನು ಸಂಗ್ರಹಿಸಿ ಹಂಚುವ ಸಂಘಟಿತ ಪ್ರಯತ್ನ 1967ರಲ್ಲಿ ಅಮೆರಿಕದ ಅರಿಜೋನಾದ ಫೀನಿಕ್ಸ್ ನಗರದಲ್ಲಿ ಆರಂಭವಾಯಿತು. ಜಾನ್ ವ್ಯಾನ್ ಹೆಂಗೆಲ್ ಎಂಬುವರು ಅಲ್ಲಿ ಕಟ್ಟಿದ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಜಗತ್ತಿನ ಮೊದಲ ಆಹಾರ ಬ್ಯಾಂಕ್ ಎಂದು ಹೆಸರಾಗಿದೆ. ಭಾರತದಲ್ಲಿ 2014 ಈ ಕೆಲಸಕ್ಕೆ ಮುಖ್ಯ ವರ್ಷ. ಆ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಕೆಲವು ಯುವಕರು ರಾಬಿನ್ ಹುಡ್ ಆರ್ಮಿ ಆರಂಭಿಸಿದರು. ಪೋರ್ಚುಗಲ್‌ನಲ್ಲಿ ಕಂಡ ಇಂಥದೇ ಪ್ರಯತ್ನ ಅವರಿಗೆ ಪ್ರೇರಣೆ. ಇದು ಪೂರ್ತಿ ಸ್ವಯಂಸೇವಕರ ಕೆಲಸ, ಹಣದ ದೇಣಿಗೆ ಪಡೆಯುವುದಿಲ್ಲ, ಬೆಂಗಳೂರಿನಲ್ಲೂ ಇದರ ತಂಡಗಳಿವೆ. ಅದೇ ವರ್ಷ ಕೊಯಮತ್ತೂರಿನಲ್ಲಿ ನೋ ಫುಡ್ ವೇಸ್ಟ್ ಎಂಬ ಸಂಸ್ಥೆ ಮದುವೆ ಊಟದ ಉಳಿಕೆಯನ್ನೇ ಗುರಿಯಾಗಿಟ್ಟುಕೊಂಡು ಹುಟ್ಟಿತು. ಫೀಡಿಂಗ್ ಇಂಡಿಯಾ ಕೂಡ 2014ರದ್ದೇ. ಮುಂಬೈಯ ಡಬ್ಬಾವಾಲಾಗಳು ತಮ್ಮ ಸೈಕಲ್ಲು, ರೈಲಿನ ಜಾಲವನ್ನೇ ಬಳಸಿ ರೋಟಿ ಬ್ಯಾಂಕ್ ನಡೆಸಿದರು. ಚೆನ್ನೈ, ಬೆಂಗಳೂರು, ಕೊಚ್ಚಿಯ ಕೆಲವು ಬೀದಿಗಳಲ್ಲಿ ಯಾರು ಬೇಕಾದರೂ ಇಟ್ಟು ಯಾರು ಬೇಕಾದರೂ ತೆಗೆದುಕೊಳ್ಳುವ ಸಾರ್ವಜನಿಕ ಫ್ರಿಜ್‌ಗಳು ಬಂದವು. ಹಂಚುವ ಸಂಸ್ಥೆಗಳನ್ನು ಒಂದೆಡೆ ತರಲು ಆಹಾರ ಪ್ರಾಧಿಕಾರವೇ ಇಂಡಿಯನ್ ಫುಡ್ ಶೇರಿಂಗ್ ಅಲಯನ್ಸ್ ಎಂಬ ಒಕ್ಕೂಟ ಕಟ್ಟಿದೆ.

ಈ ಸಂಸ್ಥೆಗಳೆಲ್ಲ ದೊಡ್ಡ ನಗರಗಳಲ್ಲಿ ಹೆಚ್ಚು. ಶಿರಸಿ, ಚಳ್ಳಕೆರೆ, ಸಿಂಧನೂರಿನಂಥ ಊರುಗಳಲ್ಲಿ ಜಾಲವನ್ನು ತಾವೇ ಹುಡುಕಿಕೊಳ್ಳಬೇಕಾಗುತ್ತದೆ. ಅಲ್ಲೂ ಉಣ್ಣುವವರು ಇದ್ದೇ ಇದ್ದಾರೆ: ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಬಂದು ಆವರಣದಲ್ಲೇ ದಿನ ಕಳೆಯುವ ನೆಂಟರು, ಕಟ್ಟಡ ಕೆಲಸದ ಶೆಡ್ಡುಗಳಲ್ಲಿರುವ ವಲಸೆ ಕಾರ್ಮಿಕರು, ನಿರಾಶ್ರಿತರ ತಂಗುದಾಣ, ವೃದ್ಧಾಶ್ರಮ, ಬಾಲಮಂದಿರ, ಬಸ್ ನಿಲ್ದಾಣದಲ್ಲಿ ಮಲಗುವವರು. ಪಟ್ಟಿ ಮಾಡಿಟ್ಟುಕೊಳ್ಳಬೇಕಾದವರು ಕಲ್ಯಾಣ ಮಂಟಪದ ಮ್ಯಾನೇಜರು. ಒಂದು ಮದುವೆಯವರು ವರ್ಷಕ್ಕೊಮ್ಮೆ ಹುಡುಕುವ ನಂಬರು ಅವರಿಗೆ ವಾರಕ್ಕೊಮ್ಮೆ ಬೇಕಾಗುತ್ತದೆ.

ಒಂದು ಎಚ್ಚರಿಕೆ. “ಊಟ ಮಿಕ್ಕರೆ 1098ಕ್ಕೆ ಕರೆ ಮಾಡಿ, ಬಂದು ಒಯ್ಯುತ್ತಾರೆ” ಎಂಬ ಸಂದೇಶ ವರ್ಷಗಳಿಂದ ಮೊಬೈಲುಗಳಲ್ಲಿ ಸುತ್ತುತ್ತಿದೆ. ಇದು ಸುಳ್ಳು. 1098 ಸಂಕಷ್ಟದಲ್ಲಿರುವ ಮಕ್ಕಳ ಸಹಾಯವಾಣಿ. ತಾನು ಊಟ ಸಂಗ್ರಹಿಸುವುದಿಲ್ಲ ಎಂದು ಈ ಸಹಾಯವಾಣಿಯನ್ನು ಹಿಂದೆ ನಡೆಸುತ್ತಿದ್ದ ಚೈಲ್ಡ್‌ಲೈನ್ ಸಂಸ್ಥೆ ಮತ್ತೆ ಮತ್ತೆ ಸ್ಪಷ್ಟಪಡಿಸಿತ್ತು. ಅನ್ನದ ಕರೆಗಳು ಆ ಲೈನನ್ನು ಹಿಡಿದುಕೊಂಡರೆ ನಿಜವಾಗಿ ಸಹಾಯ ಬೇಕಾದ ಮಗುವಿನ ಕರೆ ಸೇರದೆ ಹೋಗಬಹುದು. ಈ ಸಂದೇಶ ಬಂದರೆ ಮುಂದೆ ಕಳಿಸದೆ ಅಳಿಸಿ, ಕಳಿಸಿದವರಿಗೂ ತಿಳಿಸುವುದು ಒಳ್ಳೆಯದು.

ಕೊಡುವ ರೀತಿ

ಆಶ್ರಮ, ಹಾಸ್ಟೆಲುಗಳಿಗೆ ಊಟದ ಹೊತ್ತು ಗೊತ್ತಾಗಿರುತ್ತದೆ. ಅವರು ಅಡುಗೆ ಮಾಡಿ ಮುಗಿಸಿದ ಮೇಲೆ ಎರಡು ಪಾತ್ರೆ ಅನ್ನ ತಂದಿಳಿಸಿದರೆ ಅವರ ಅಡುಗೆ ವ್ಯರ್ಥವಾಗುತ್ತದೆ, ಹಾಳಾಗುವ ಜಾಗ ಬದಲಾದದ್ದಷ್ಟೇ. ಹಿಂದಿನ ದಿನವೇ “ನಾಳೆ ಮಧ್ಯಾಹ್ನ ಎರಡರ ಹೊತ್ತಿಗೆ ಐವತ್ತು ಅರವತ್ತು ಜನರ ಊಟ ಬರಬಹುದು, ಬರದೆಯೂ ಇರಬಹುದು. ಒಂದೂವರೆಗೆ ಖಚಿತ ಹೇಳುತ್ತೇವೆ” ಎಂದು ತಿಳಿಸಿಟ್ಟರೆ ಅವರು ತಮ್ಮ ಅಡುಗೆಯನ್ನು ಅದಕ್ಕೆ ತಕ್ಕಂತೆ ಕಡಿಮೆ ಮಾಡಿಕೊಳ್ಳಬಹುದು. ವೃದ್ಧಾಶ್ರಮದಲ್ಲಿ ಮಧುಮೇಹದವರು ಹೆಚ್ಚು, ಸಿಹಿಯ ರಾಶಿ ಅಲ್ಲಿ ಬೇಡ. ಚಿಕ್ಕ ಮಕ್ಕಳಿರುವಲ್ಲಿ ಖಾರದ ಗೊಜ್ಜು ಬೇಡ. ಏನು ಬೇಕು, ಎಷ್ಟು ಬೇಕು ಎಂದು ಮೊದಲು ಕೇಳಬೇಕು. ಬೇಡ ಎಂದರೆ ಅದನ್ನು ಗೌರವಿಸಬೇಕು.

ಬೀದಿಯಲ್ಲಿ ಹಂಚುವಾಗ ಗಾಡಿಯಿಂದ ಎಸೆದು ಹೋಗುವುದು, ಸಾಲಿನಲ್ಲಿ ನಿಲ್ಲಿಸಿ ಫೋಟೊ ತೆಗೆಯುವುದು ಮದುಮಕ್ಕಳ ಹೆಸರಿಗೆ ಶೋಭೆಯಲ್ಲ. ಕೂರುವ ಜಾಗ, ಎಲೆ ಅಥವಾ ತಟ್ಟೆ, ಕುಡಿಯುವ ನೀರು, ಉಂಡ ಮೇಲೆ ಎಲೆ ಎತ್ತುವವರು ಇಷ್ಟಿದ್ದರೆ ಅದೂ ಒಂದು ಪಂಕ್ತಿಯೇ.

ಮನೆಯ ಅಡುಗೆಮನೆ

ವ್ಯರ್ಥದ ಹೆಚ್ಚಿನ ಪಾಲು ಮನೆಗಳದ್ದೇ ಆದ್ದರಿಂದ ಮದುವೆ ಮನೆಯಷ್ಟೇ ಲೆಕ್ಕ ಇಲ್ಲೂ ಬೇಕು. ಕನ್ನಡ ನಾಡಿನ ಅಡುಗೆಗೆ ಇದರಲ್ಲಿ ದೊಡ್ಡ ಅನುಭವವಿದೆ. ಹೀರೇಕಾಯಿಯ ತಿರುಳು ಪಲ್ಯಕ್ಕೆ ಹೋದರೆ ಸಿಪ್ಪೆ ಚಟ್ನಿಯಾಗುತ್ತದೆ. ಹಲಸಿನ ಬೀಜ ಹುಳಿಗೆ, ಬಾಳೆದಿಂಡು ಪಲ್ಯಕ್ಕೆ. ಉಳಿದ ಇಡ್ಲಿ ಪುಡಿಯಾಗಿ ಉಪ್ಪಿಟ್ಟಾಗುತ್ತದೆ. ರಾತ್ರಿಯ ಮುದ್ದೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕಲಸಿದ ಅಂಬಲಿಯಾಗುತ್ತದೆ. ಉತ್ತರ ಕರ್ನಾಟಕದ ಜೋಳದ ಕಟಕ ರೊಟ್ಟಿ ವಾರಗಟ್ಟಲೆ ಕೆಡದೆ ನಿಲ್ಲುತ್ತದೆ. ರಾತ್ರಿ ಮಿಕ್ಕ ಅನ್ನ ಚಿತ್ರಾನ್ನವಾಗಬೇಕಾದರೆ ಮಾತ್ರ ಮೇಲೆ ಹೇಳಿದ ಎಚ್ಚರ ಮರೆಯಬಾರದು: ಮೇಜಿನ ಮೇಲೆ ರಾತ್ರಿಯಿಡೀ ಬಿಡದೆ, ಆರಿದ ಕೂಡಲೇ ಫ್ರಿಜ್ಜಿಗೆ ಹೋಗಬೇಕು.

ವಾರಕ್ಕೊಮ್ಮೆ ತರಕಾರಿ ತರುವವರು ಹೊಸದನ್ನು ಹಿಂದೆ, ಹಳೆಯದನ್ನು ಮುಂದೆ ಇಡಬೇಕು. ಪೊಟ್ಟಣದ ಮೇಲೆ “ಬೆಸ್ಟ್ ಬಿಫೋರ್” ಎಂದಿದ್ದರೆ ಅದು ರುಚಿ, ಗುಣಮಟ್ಟದ ಅವಧಿ. ಆ ದಿನ ಕಳೆದ ಮಾತ್ರಕ್ಕೆ ವಿಷವಾಗುವುದಿಲ್ಲ, ಮೂಸಿ, ನೋಡಿ ನಿರ್ಧರಿಸಬಹುದು. “ಎಕ್ಸ್‌ಪೈರಿ” ಅಥವಾ “ಯೂಸ್ ಬೈ” ಎಂದಿದ್ದರೆ ಅದನ್ನು ದಾಟಬಾರದು.

ಕೊಡಲಾಗದ್ದು

ಎಂಜಲು, ಹಳಸಿದ ಅನ್ನ ಯಾವುದೂ ಬೇರೆ ಕಸದ ಜೊತೆ ರಾಶಿಗೆ ಹೋಗಬಾರದು. ಗಾಳಿಯಾಡದ ಕಸದ ಗುಡ್ಡದೊಳಗೆ ಅದು ಕೊಳೆತು ಮೀಥೇನ್ ಆಗುತ್ತದೆ. ಆ ಅನಿಲ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಇಪ್ಪತ್ತೇಳು ಪಟ್ಟಿಗೂ ಹೆಚ್ಚು ಬಿಸಿ ಹಿಡಿದಿಡುತ್ತದೆ. ದೊಡ್ಡ ಮಂಟಪಗಳಿಗೆ ಗೋಬರ್ ಗ್ಯಾಸ್ ಮಾದರಿಯ ಘಟಕ ಒಳ್ಳೆಯ ದಾರಿ, ಬಂದ ಅನಿಲವನ್ನು ಅಡುಗೆಮನೆಯಲ್ಲೇ ಉರಿಸಬಹುದು. ಮನೆಗಳಿಗೆ ಕಾಂಪೋಸ್ಟ್ ಪಾತ್ರೆ ಸಾಕು. ಬಾಳೆಲೆಯಲ್ಲಿ ಬಡಿಸಿದ್ದರೆ ಎಲೆಯೂ ಗೊಬ್ಬರವಾಗುತ್ತದೆ, ಪ್ಲಾಸ್ಟಿಕ್ ಹೊದಿಕೆಯ ತಟ್ಟೆಯಾಗಿದ್ದರೆ ಅದು ಬೇರೆ ಹೋಗಬೇಕು.

ಹಳ್ಳಿಗಳಲ್ಲಿ ಮುಸುರೆ, ಕಲಗಚ್ಚು ದನಕ್ಕೆ ಹಾಕುವುದು ಹಳೆಯ ರೂಢಿ. ಸ್ವಲ್ಪ ಪ್ರಮಾಣದಲ್ಲಿ ಅದು ಸರಿಯೇ. ಆದರೆ ಮದುವೆ ಮನೆಯ ಬುಟ್ಟಿಗಟ್ಟಲೆ ಅನ್ನವನ್ನು ಒಂದೇ ಸಲ ಹಸುವಿನ ಮುಂದೆ ಸುರಿಯಬಾರದು. ಅನ್ನದ ಪಿಷ್ಟ ಮೆಲುಕು ಹೊಟ್ಟೆಯಲ್ಲಿ ಬೇಗ ಹುಳಿಯೆದ್ದು ಆಮ್ಲತೆ ಏರಿ, ದನ ಹೊಟ್ಟೆ ಉಬ್ಬರಿಸಿ ಸಾಯುವುದುಂಟು.

ದಿನಾಂಕದ ಪ್ರಕಾರ ಮಾಡಬೇಕಾದದ್ದು

ಒಂದು ತಿಂಗಳು ಮುಂಚೆ: ಅಡುಗೆಯವರ ಜೊತೆ ಮಾತಾಡುವಾಗಲೇ ಹಂತ ಹಂತವಾಗಿ ಬೇಯಿಸುವ, ಬೇಯಿಸದ ಸಾಮಾನು ಹಿಂತಿರುಗಿಸುವ ಒಪ್ಪಂದ. ಮೆನುವಿನಿಂದ ಎರಡು ಬಗೆ ಕಡಿಮೆ.

ಒಂದು ವಾರ ಮುಂಚೆ: ತಿಂಡಿ, ಊಟ, ರಾತ್ರಿಯೂಟಕ್ಕೆ ಬೇರೆ ಬೇರೆ ಎಣಿಕೆ. ಊಟ ಪಡೆಯುವ ಎರಡು ಜಾಗಗಳ ಜೊತೆ ಮಾತು. ಒಂದು ತಪ್ಪಿದರೆ ಇನ್ನೊಂದಿರಬೇಕು.

ಹಿಂದಿನ ದಿನ: ನಾಲ್ಕು ಹಾಟ್‌ಬಾಕ್ಸ್ ಅಥವಾ ಮುಚ್ಚಳದ ಸ್ಟೀಲ್ ಪಾತ್ರೆ, ಟೇಪು, ಪೆನ್ನು, ಒಂದು ಗಾಡಿ ಮತ್ತು ಚಾಲಕ. ಈ ಕೆಲಸಕ್ಕೆಂದೇ ಮನೆಯ ಒಬ್ಬರು ಹೊಣೆಗಾರರು. ಮದುಮಗನ ತಮ್ಮನೋ ಮದುಮಗಳ ಸೋದರತ್ತೆಯೋ ಆಗಬಹುದು, ಆದರೆ ಅವರಿಗೆ ಆ ಹೊತ್ತಿನಲ್ಲಿ ಬೇರೆ ಕೆಲಸ ಇರಬಾರದು.

ಮದುವೆಯ ದಿನ: ಎರಡನೇ ಪಂಕ್ತಿ ಕೂತಾಗ ತಲೆ ಎಣಿಕೆ, ಕೊನೆಯ ಅನ್ನದ ತೀರ್ಮಾನ. ಮಿಗುವುದು ಖಚಿತವಾದ ಕೂಡಲೇ, ಕೊನೆಯ ಪಂಕ್ತಿಗೆ ಕಾಯದೆ, ಬಿಸಿ ಇರುವಾಗಲೇ ತುಂಬಿ ಕಳಿಸುವುದು. ಪಾತ್ರೆ ವಾಪಸು ತರುವವರು ಯಾರು ಎಂಬುದೂ ಗೊತ್ತಿರಬೇಕು.

ಮಾರನೆಯ ದಿನ: ಎಷ್ಟು ಜನಕ್ಕೆ ಹೇಳಿದ್ದೆವು, ಎಷ್ಟು ಎಲೆ ಎದ್ದವು, ಯಾವುದು ಉಳಿಯಿತು ಎಂದು ಮಂಟಪದ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯುವುದು. ಒಂದು ವರ್ಷ ಹೀಗೆ ಬರೆದರೆ, ಆ ಮಂಟಪದಲ್ಲಿ ಮುಂದೆ ಮದುವೆ ಮಾಡುವ ಮನೆಯವರಿಗೆ ಅಡುಗೆಯವರು “ಎಷ್ಟು ಎಲೆ?” ಎಂದು ಕೇಳಿದಾಗ, ಭಯದಿಂದಲ್ಲ, ಹಿಂದಿನ ನೂರು ಮದುವೆಗಳ ಲೆಕ್ಕ ನೋಡಿ ಉತ್ತರ ಕೊಡಬಹುದು.